ಕೊನೆಯ ನುಡಿಯಲ್ಲಿರುವ ಹೆಸರು

ಭಜನಾ ಮೇಳದಲ್ಲಿ ತತ್ವಪದ ಕೊನೆಯ ನುಡಿಗೆ ಬಂತೆಂದರೆ ತಾಳದ ನಡೆ ಚುರುಕಾಗುತ್ತದೆ, ಹಿಮ್ಮೇಳದವರ ದನಿ ಏರುತ್ತದೆ. ಪದ ಕಟ್ಟಿದವರ ಅಂಕಿತ ಇರುವುದು ಅಲ್ಲೇ. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳದ ಶರೀಫರು (1819–1889) ತಮ್ಮ ಊರಿನ ಒಡೆಯನನ್ನು ಅಂಕಿತವಾಗಿ ಇಟ್ಟುಕೊಂಡರು. ಅದೇ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದ ಕನಕದಾಸರು ಕಾಗಿನೆಲೆಯ ಆದಿಕೇಶವನನ್ನು ಇಟ್ಟುಕೊಂಡರು. ಹಿರೇಕೆರೂರು ಸೀಮೆಯ ಅಬಲೂರಿನವನೆಂದು ನಾವೆಲ್ಲ ನಂಬಿರುವ ಸರ್ವಜ್ಞ ತ್ರಿಪದಿಯ ಕೊನೆಗೆ ತನ್ನ ಹೆಸರನ್ನೇ ಇಟ್ಟ. ಅಚ್ಚಿನ ಪುಸ್ತಕ ಹಳ್ಳಿಗೆ ಬಾರದ, ಕರಾರು ಪತ್ರವೆಂಬುದೇ ಇಲ್ಲದ ಕಾಲದಲ್ಲಿ ಕವಿಯ ಗುರುತು ಹಾಡಿನೊಳಗೇ ಕೂತು ಊರಿಂದೂರಿಗೆ ಹೋಯಿತು. ಹಾಡು ಬಾಯಲ್ಲಿ ಉಳಿದಷ್ಟು ದಿನ ಹೆಸರೂ ಉಳಿಯಿತು. ಡಿಜಿಟಲ್ ಕಾಲ ಸಂಗೀತದ ವ್ಯಾಪಾರವನ್ನು ಹೇಗೆ ಬದಲಿಸಿತು ಎಂದು ಕೇಳಿದರೆ ಎಲ್ಲರೂ ದುಡ್ಡಿನ ಲೆಕ್ಕಕ್ಕೆ ಇಳಿಯುತ್ತಾರೆ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳ ಕಡೆಯಿಂದ ನೋಡುವ ನನಗೆ ಅದಕ್ಕಿಂತ ಮೊದಲು ಕಾಣುವುದು ಹೆಸರಿನ ಲೆಕ್ಕ. ಹಾಡು ಇಷ್ಟು ಅಗ್ಗವಾಗಿ, ಇಷ್ಟು ದೂರ ಹಿಂದೆಂದೂ ಹೋಗಿರಲಿಲ್ಲ. ಯಾರು ಕಟ್ಟಿದರು, ಯಾರು ಹಾಡಿದರು, ಯಾವ ಊರಿನ ಮೇಳ ಎಂಬುದು ಇಷ್ಟು ಸಲೀಸಾಗಿ ಹಿಂದೆಂದೂ ಉದುರಿಯೂ ಹೋಗಿರಲಿಲ್ಲ. ದುಡ್ಡು ಹೆಸರಿನ ಬೆನ್ನಿಗೇ ಬರುವುದರಿಂದ, ಹೆಸರು ಉದುರಿದಲ್ಲಿ ದುಡ್ಡಿನ ಮಾತು ಏಳುವುದೇ ಇಲ್ಲ.

ಯಂತ್ರಕ್ಕೂ ಹೆಸರಿಗೂ ಇರುವ ಈ ನಂಟು ಹಳೆಯದು. 1902ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಗ್ರಾಮೊಫೋನಿಗೆ ಹಾಡಿದಾಗ ಹಾಡಿನ ಕೊನೆಗೆ ತಮ್ಮ ಹೆಸರನ್ನು ತಾವೇ ಕೂಗಿ ಹೇಳಿದರು. ತಟ್ಟೆ ಅಚ್ಚಾಗುತ್ತಿದ್ದದ್ದು ಜರ್ಮನಿಯ ಹ್ಯಾನೋವರಿನಲ್ಲಿ. ಅಲ್ಲಿಯ ಕೆಲಸಗಾರರಿಗೆ ಯಾವ ತಟ್ಟೆಗೆ ಯಾವ ಚೀಟಿ ಅಂಟಿಸಬೇಕೆಂದು ತಿಳಿಯಬೇಕಿತ್ತು. ನಮ್ಮ ತತ್ವಪದಕಾರರು ಕಂಡುಕೊಂಡಿದ್ದ ಉಪಾಯಕ್ಕೇ ಒಂದು ಕಂಪನಿ ಬೇರೆ ದಾರಿಯಿಂದ ಬಂದು ಮುಟ್ಟಿತ್ತು. ಮೂವತ್ತರ ದಶಕದಲ್ಲಿ ಹಾನಗಲ್ಲಿನ ಹೆಸರು ತಟ್ಟೆಯ ಮೇಲೆ ಬಂತು. ಗಂಗೂಬಾಯಿ ಹಾನಗಲ್ಲರು ಹುಟ್ಟಿದ್ದು 1913ರಲ್ಲಿ ಧಾರವಾಡದಲ್ಲಿ, ಕಲಿತದ್ದು ಕುಂದಗೋಳದ ಸವಾಯಿ ಗಂಧರ್ವರ ಬಳಿ, ಬಾಳಿದ್ದು ಹುಬ್ಬಳ್ಳಿಯಲ್ಲಿ. ಆದರೂ ಮನೆತನದ ಊರನ್ನು ಹೆಸರಿನ ಜೊತೆ ಕೊನೆಯವರೆಗೂ ಹೊತ್ತರು. ಅವರ ಮೊದಮೊದಲ ತಟ್ಟೆಗಳ ಮೇಲೆ ಗಾಂಧಾರಿ ಹಾನಗಲ್ ಎಂದಿದೆ. ಆ ತಟ್ಟೆಗಳಲ್ಲಿ ಕೇಳುವುದು ತೆಳುವಾದ, ಮೇಲಿನ ಶ್ರುತಿಯ ಹುಡುಗಿಯ ಕಂಠ. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಬಂದದ್ದು, ನಾವೆಲ್ಲ ಬಲ್ಲ ಆ ಗಟ್ಟಿ, ಗಂಡುದನಿಯೆನಿಸುವ ಕಂಠ. ಹೆಸರೂ ಬೇರೆ, ಕಂಠವೂ ಬೇರೆ. ಇವೆರಡನ್ನೂ ಜೋಡಿಸುವುದು ತಟ್ಟೆಯ ಚೀಟಿ ಮತ್ತು ವರ್ಷ. ಸಂಗ್ರಾಹಕರು ಪ್ರೀತಿಯಿಂದ ಆ ತಟ್ಟೆಗಳನ್ನು ಇಂದು ಅಂತರ್ಜಾಲಕ್ಕೆ ಏರಿಸುತ್ತಿದ್ದಾರೆ, ಅದು ದೊಡ್ಡ ಉಪಕಾರ. ಚೀಟಿಯ ವಿವರ ಬರೆಯದೆ ಬರೀ ದನಿಯನ್ನು ಏರಿಸಿದರೆ ಮಾತ್ರ, ಗಂಗೂಬಾಯಿಯವರನ್ನು ಹುಡುಕಿ ಬಂದ ಎಳೆಯ ಕೇಳುಗನಿಗೆ ಅವರ ಹರೆಯದ ಹಾಡು ಸಿಗುವುದಿಲ್ಲ. ಸಿಕ್ಕರೂ ಅದು ಅವರದೆಂದು ಅವನು ಒಪ್ಪುವುದಿಲ್ಲ.

1950ರ ಜನವರಿ 8ರಂದು ಧಾರವಾಡ ಆಕಾಶವಾಣಿ ಶುರುವಾಯಿತು. ರೇಡಿಯೊ ಕೇಳಿ ಬೆಳೆದ ನನ್ನ ತಲೆಮಾರಿನವರಿಗೆ ಹಾಡಿನಷ್ಟೇ ನೆನಪಿರುವುದು ಹಾಡಿನ ಹಿಂದೆ ಮುಂದೆ ಬರುತ್ತಿದ್ದ ಮಾತು. ಹಾಡಿದವರು ಯಾರು, ರಚನೆ ಯಾರದು, ರಾಗ ಸಂಯೋಜನೆ ಯಾರದು, ತಬಲಾ ಸಾಥಿಗೆ ಕೂತವರು ಯಾರು ಎಂದು ಉದ್ಘೋಷಕರು ಒಂದೊಂದಾಗಿ ಹೇಳುತ್ತಿದ್ದರು. ಒಂದು ತಾಲ್ಲೂಕಿನ ಮೂಲೆಯ ಭಜನಾ ಮೇಳಕ್ಕೂ, ಬಿರುದು ಬಾವಲಿಯ ಪಂಡಿತರಿಗೂ ಅದೇ ಮರ್ಯಾದೆ. ರೇಡಿಯೊದಲ್ಲಿ ಹೆಸರು ಬಂದವರಿಗೆ ಜಾತ್ರೆಗೆ ಕರೆ ಬರುತ್ತಿತ್ತು, ಶಾಲೆಯಲ್ಲಿ ಪಾಠ ಹೇಳುವ ಅವಕಾಶ ಸಿಗುತ್ತಿತ್ತು. ಸಂಭಾವನೆ ಸಣ್ಣದಿತ್ತು, ಹೆಸರಿನ ಬೆಲೆ ದೊಡ್ಡದಿತ್ತು. ಆಮೇಲೆ ಬಂದದ್ದು ಕ್ಯಾಸೆಟ್ಟು. 1978ರಲ್ಲಿ ಮೈಸೂರು ಅನಂತಸ್ವಾಮಿಯವರ ಸಂಗೀತದಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ ಕ್ಯಾಸೆಟ್ಟಾದ ಮೇಲೆ ಕನ್ನಡ ಕವಿತೆಗೆ ಒಂದು ಮಾರುಕಟ್ಟೆ ಹುಟ್ಟಿತು, ಭಾವಗೀತೆಯ ಬೆನ್ನಿಗೆ ತತ್ವಪದವೂ ಬಂತು. ಶರೀಫರ ಪದಗಳನ್ನು ಸಿ. ಅಶ್ವತ್ಥ್ ಮತ್ತು ಶಿವಮೊಗ್ಗ ಸುಬ್ಬಣ್ಣ ನಾಡಿನ ಮನೆಮನೆಗೆ ಮುಟ್ಟಿಸಿದರು. 1990ರಲ್ಲಿ ಟಿ. ಎಸ್. ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಚಿತ್ರ ಬಂದು ಆ ಅಲೆಯನ್ನು ಇನ್ನೂ ಎತ್ತರಕ್ಕೆ ಒಯ್ದಿತು. ಕ್ಯಾಸೆಟ್ಟಿನ ಡಬ್ಬಿಯೊಳಗಿನ ಮಡಿಕೆ ಕಾಗದದಲ್ಲಿ ಕವಿ, ಗಾಯಕ, ಸಂಗೀತ ನಿರ್ದೇಶಕರ ಹೆಸರು ಇರುತ್ತಿತ್ತು. ಅದು ಸಣ್ಣ ಅಕ್ಷರದಲ್ಲಿತ್ತು ನಿಜ, ಬಣ್ಣ ಮಾಸುತ್ತಿತ್ತು ನಿಜ. ಇತ್ತು ಎಂಬುದೇ ಮುಖ್ಯ.

ಹಳೆಯದೆಲ್ಲ ಚಿನ್ನವೆಂದು ಸಾಧಿಸಲು ಇದನ್ನು ಹೇಳುತ್ತಿಲ್ಲ. ಕ್ಯಾಸೆಟ್ಟಿನ ವ್ಯಾಪಾರ ಕಲಾವಿದರ ಪಾಲಿಗೆ ನ್ಯಾಯವಾಗಿತ್ತೆಂದು ಯಾರೂ ಹೇಳಲಾರರು. ಹಾಡಿದವರಿಗೆ ಒಂದು ಸಲದ ದುಡ್ಡು ಕೊಟ್ಟು ಎಲ್ಲ ಹಕ್ಕನ್ನೂ ಬರೆಸಿಕೊಳ್ಳುವುದು ಅಂದಿನ ರೂಢಿ. ನಕಲಿ ಕ್ಯಾಸೆಟ್ಟು ಸಂತೆಯಲ್ಲಿ ಅಸಲಿಗಿಂತ ಹೆಚ್ಚು ಮಾರಿತು. ಅಷ್ಟೇ ಅಲ್ಲ, ಅಶ್ವತ್ಥರ ಧಾಟಿ ಎಷ್ಟು ಗಾಢವಾಗಿ ಕೂತಿತೆಂದರೆ, ಅದೇ ಶರೀಫರ ಮೂಲ ಧಾಟಿಯೆಂದು ನಂಬುವವರೇ ಇಂದು ಹೆಚ್ಚು. ಶಿಗ್ಗಾಂವಿ, ಕುಂದಗೋಳಗಳ ಮೇಳಗಳಲ್ಲಿ ದಮ್ಮಡಿ, ಏಕತಾರಿಯ ಜೊತೆ ಬಾಯಿಂದ ಬಾಯಿಗೆ ಬಂದ ಧಾಟಿಗಳು ಹಿಂದೆ ಸರಿದವು. ಇದನ್ನು ಅಶ್ವತ್ಥರ ತಪ್ಪೆನ್ನಲಾಗದು, ಅವರ ಸಂಯೋಜನೆಗಳು ನಮ್ಮ ಕಾಲದ ದೊಡ್ಡ ಸಂಪತ್ತು. ಒಂದೇ ಧಾಟಿಯನ್ನು ಸಾವಿರಾರು ಪ್ರತಿ ಮಾಡಿ ಹಂಚುವ ಯಾವ ಯಂತ್ರವೂ ಮಿಕ್ಕ ಧಾಟಿಗಳನ್ನು ಬದಿಗೊತ್ತುತ್ತದೆ. ಹಾಗಾಗಿ ಡಿಜಿಟಲ್ ಕಾಲ ಹೊಸದಾಗಿ ಮಾಡಿದ್ದೇನು, ಮೊದಲಿದ್ದ ಕೇಡನ್ನು ಮುಂದುವರಿಸಿದ್ದೇನು ಎಂದು ಬೇರ್ಪಡಿಸಿ ನೋಡಬೇಕು.

ಹೆಸರು ಮೊದಲು ಕಳಚಿದ್ದು ಸಿಡಿಯಿಂದ ಎಂಪಿ3ಗೆ ಹೊರಳಿದ ದಿನಗಳಲ್ಲಿ. ಒಂದು ಸಿಡಿಯಲ್ಲಿ ನೂರಕ್ಕೂ ಮಿಕ್ಕಿ ಹಾಡು ತುಂಬತೊಡಗಿದಾಗ ಮಡಿಕೆ ಕಾಗದಕ್ಕೆ ಜಾಗವಿರಲಿಲ್ಲ. ಮುಂದೆ ತಾಲ್ಲೂಕು ಪೇಟೆಯ ಬಸ್‌ಸ್ಟ್ಯಾಂಡಿನ ಸುತ್ತಲಿನ ಮೊಬೈಲ್ ಅಂಗಡಿಗಳಲ್ಲಿ ಮೆಮೊರಿ ಕಾರ್ಡಿಗೆ ಹಾಡು ಹಾಕಿಸಿಕೊಳ್ಳುವ ಕಾಲ ಬಂತು. ಭಕ್ತಿ, ಜಾನಪದ, ಹಳೇ ಫಿಲ್ಮ್, ಹೊಸ ಫಿಲ್ಮ್ ಎಂದು ಫೋಲ್ಡರುಗಳಿರುತ್ತಿದ್ದವು. ಹಾಡಿನ ಹೆಸರಿನ ಜಾಗದಲ್ಲಿ ಕ್ರಮಸಂಖ್ಯೆ, ಗಾಯಕರ ಜಾಗದಲ್ಲಿ ಎಲ್ಲಿಂದಲೋ ಇಳಿಸಿಕೊಂಡ ಜಾಲತಾಣದ ಹೆಸರು. ಹೊಲಕ್ಕೆ ಹೋಗುವ ಟ್ರ್ಯಾಕ್ಟರಿನಲ್ಲಿ, ಕುರಿ ಕಾಯುವವರ ಕಿಸೆಯಲ್ಲಿ, ಚಹಾದ ಅಂಗಡಿಯಲ್ಲಿ ಹಾಡು ಹಿಂದೆಂದಿಗಿಂತ ಹೆಚ್ಚು ಮೊಳಗಿತು. ಇದು ಯಾರದು ಎಂದು ಕೇಳಿದರೆ ಹೇಳುವವರಿರಲಿಲ್ಲ. 2016ರ ಸೆಪ್ಟೆಂಬರಿನಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಕಾರ್ಡಿನ ಕೆಲಸವೂ ಮುಗಿಯಿತು, ಎಲ್ಲವೂ ಯೂಟ್ಯೂಬಿಗೆ ಬಂತು. ಒಂದು ಫೋನು, ಒಂದು ಮೈಕು, ಊರಿನ ಹುಡುಗನೊಬ್ಬನ ಹೆಸರಿನಲ್ಲಿ ಒಂದು ಚಾನೆಲ್ಲು ಇದ್ದರೆ ಹಾಡು ಲೋಕಕ್ಕೆ ಹೋಯಿತು. ಸ್ಟುಡಿಯೊ ಹುಡುಕಿ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗುವ ಖರ್ಚು ಉಳಿಯಿತು. ಇದು ನಿಜವಾದ ಬಿಡುಗಡೆ, ಇದನ್ನು ಕಡಿಮೆ ಮಾಡಿ ಹೇಳುವುದು ತಪ್ಪಾಗುತ್ತದೆ.

ಬಿಡುಗಡೆಯ ಜೊತೆ ಬಂದ ಲೆಕ್ಕಾಚಾರವನ್ನೂ ನೋಡಬೇಕು. ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ 2023ರ ಹೊತ್ತಿಗೆ ಮೂರರಲ್ಲಿ ಎರಡು ಪಾಲು ಸ್ಟ್ರೀಮಿಂಗಿನದು. ದೊಡ್ಡ ಸ್ಟ್ರೀಮಿಂಗ್ ಸೇವೆಗಳಲ್ಲಿ ಕೇಳುಗರು ಕಟ್ಟಿದ ದುಡ್ಡು ಅವರು ಕೇಳಿದ ಹಾಡಿಗೆ ನೇರವಾಗಿ ಹೋಗುವುದಿಲ್ಲ. ತಿಂಗಳ ಹಣವೆಲ್ಲ ಒಂದೆಡೆ ಸೇರಿ, ಒಟ್ಟು ಕೇಳುವಿಕೆಯಲ್ಲಿ ಯಾರ ಹಾಡಿನ ಪಾಲು ಎಷ್ಟೋ ಅಷ್ಟಷ್ಟು ಹಂಚಿಕೆಯಾಗುತ್ತದೆ. ತಿಂಗಳಿಡೀ ತತ್ವಪದವನ್ನಷ್ಟೇ ಕೇಳಿದವನ ದುಡ್ಡಿನ ಬಹುಪಾಲು ಅವನು ಎಂದೂ ಕೇಳದ ಸಿನಿಮಾ ಹಾಡಿಗೆ ಸೇರುತ್ತದೆ. 2024ರಿಂದ ಸ್ಪಾಟಿಫೈ ಹನ್ನೆರಡು ತಿಂಗಳಲ್ಲಿ 1000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ಏನನ್ನೂ ಕೊಡುವುದಿಲ್ಲ. ಯೂಟ್ಯೂಬಿನಲ್ಲಿ ಜಾಹೀರಾತಿನ ಪಾಲು ಬೇಕೆಂದರೆ, ದೊಡ್ಡ ವಿಡಿಯೊ ಹಾಕುವ ಚಾನೆಲ್ಲಿಗೆ 1000 ಚಂದಾದಾರರೂ ವರ್ಷಕ್ಕೆ 4000 ಗಂಟೆಗಳ ವೀಕ್ಷಣೆಯೂ ಇರಬೇಕು. ಈ ಗೆರೆ ದಾಟಬಲ್ಲವರು ದಿನವೂ ಹೊಸದನ್ನು ಹಾಕುವವರು, ನಾಲ್ಕಾರು ಊರಿನ ಹಾಡನ್ನು ಒಂದೆಡೆ ಕೂಡಿಸುವವರು. ಅಮಾವಾಸ್ಯೆಗೊಮ್ಮೆ ಕೂತು ಹಾಡುವ ಮೇಳ ಆ ಗೆರೆಯ ಹತ್ತಿರಕ್ಕೂ ಬರುವುದಿಲ್ಲ. ಹೀಗೆ ದುಡ್ಡು ಹಾಡಿದವನನ್ನು ಬಿಟ್ಟು ಚಾನೆಲ್ಲಿನ ಒಡೆಯನನ್ನು ಹುಡುಕಿ ಹೋಗುತ್ತದೆ. ಚಾನೆಲ್ಲಿನವನು ಕೆಟ್ಟವನಾಗಿರಬೇಕಿಲ್ಲ, ಅವನ ಮುಂದಿರುವ ನಮೂನೆಯಲ್ಲಿ ಮೇಳದ ಎಂಟು ಜನರ ಹೆಸರು ಬರೆಯಲೇಬೇಕೆಂಬ ಕಟ್ಟಳೆ ಇಲ್ಲ, ಅಷ್ಟೇ.

ಇದಕ್ಕಿಂತ ಆಳದ ಪೆಟ್ಟು ಬಿದ್ದಿರುವುದು ಹಾಡಿನ ಉದ್ದಕ್ಕೆ. ನಿಮಿಷಕ್ಕೆ 78 ಸುತ್ತಿನ ಗ್ರಾಮೊಫೋನ್ ತಟ್ಟೆ ಒಂದು ಮಗ್ಗುಲಿಗೆ ಮೂರು ಮೂರೂವರೆ ನಿಮಿಷ ಹಿಡಿಯುತ್ತಿತ್ತು. ಅದರೊಳಗೆ ರಾಗವನ್ನು ತುಂಬುವುದು ಹೇಗೆಂದು ಗಂಗೂಬಾಯಿಯವರ ಕಾಲದ ಗಾಯಕರು ಕಲಿತರು. ಹಾಡು ಕಿರಿದಾದರೂ ಅದಕ್ಕೊಂದು ತುದಿ ಮೊದಲು ಇತ್ತು. ಕ್ಯಾಸೆಟ್ಟು ಒಂದು ಮಗ್ಗುಲಿಗೆ ಅರ್ಧ ಗಂಟೆ ಕೊಟ್ಟಾಗ ಪದದ ಎಲ್ಲ ನುಡಿಗಳಿಗೂ ಎಡೆ ಸಿಕ್ಕಿತು. ಈಗ ಸ್ಟೇಟಸ್ಸಿಗೆ, ಶಾರ್ಟ್ಸಿಗೆ, ರೀಲ್ಸಿಗೆ ಬೇಕಾದದ್ದು ಪಲ್ಲವಿ; ಹೆಚ್ಚೆಂದರೆ ಅದರ ಜೊತೆ ಒಂದು ನುಡಿ. ತತ್ವಪದದ ಪಲ್ಲವಿ ಒಗಟಿನಂತೆ ಕಿವಿಯನ್ನು ಹಿಡಿಯುತ್ತದೆ, ಬಿಡಿಸುವುದು ಮುಂದಿನ ನುಡಿಗಳು, ಹೆಸರು ಹೇಳುವುದು ಕೊನೆಯದು. ತುಂಡು ಮಾಡುವಾಗ ಹೋಗುವುದು ಯಾವಾಗಲೂ ಕೊನೆಯೇ. ಅಂದರೆ ಕವಿ ತನ್ನ ಗುರುತನ್ನು ಎಲ್ಲಿ ಭದ್ರವಾಗಿ ಇಟ್ಟಿದ್ದನೋ ಸರಿಯಾಗಿ ಅಲ್ಲಿಗೇ ಕತ್ತರಿ ಬೀಳುತ್ತದೆ. ಶರೀಫರ ಪಲ್ಲವಿ ಡಿಜೆ ಬಡಿತದ ಮೇಲೆ ಕುಣಿತದ ಹಾಡಾಗಿ ಹರಿದಾಡುವಾಗ ಅದು ಶರೀಫರದೆಂಬುದು ಹಾಡಿನಿಂದಲೇ ತಿಳಿಯುವ ಬಗೆ ಉಳಿದಿಲ್ಲ. ಇದಕ್ಕೆ ಎದುರು ಸಾಕ್ಷಿಯಾಗಿ ಸರ್ವಜ್ಞ ನಿಂತಿದ್ದಾನೆ. ಅವನ ತ್ರಿಪದಿ ಎಷ್ಟು ಚಿಕ್ಕದೆಂದರೆ ಯಾವ ಕತ್ತರಿಗೂ ಸಿಗುವುದಿಲ್ಲ, ಇಡಿಯಾಗಿಯೇ ವಾಟ್ಸಾಪಿನಲ್ಲಿ ಓಡಾಡುತ್ತದೆ, ಹೆಸರು ಬಿಟ್ಟುಹೋಗುವುದಿಲ್ಲ. ಅವನ ಕಷ್ಟ ಬೇರೆ: ಅವನು ಬರೆಯದ ತ್ರಿಪದಿಗಳಿಗೂ ಅವನ ಹೆಸರು ಅಂಟುತ್ತದೆ. ಆ ಕೆಲಸ ಮೊಬೈಲಿಗಿಂತ ಎಷ್ಟೋ ಹಿಂದೆಯೇ ಶುರುವಾಗಿದೆ, ಸಂಪಾದಕರು ಇವತ್ತಿಗೂ ಅಸಲಿ ನಕಲಿ ಬೇರ್ಪಡಿಸುತ್ತಲೇ ಇದ್ದಾರೆ. ಆದರೂ ಹೆಸರು ಹಾಡಿನ ಬೇರ್ಪಡದ ಅಂಗವಾಗಿದ್ದರೆ ಅದು ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು ಅಬಲೂರಿನ ಕವಿ ತೋರಿಸಿಕೊಟ್ಟಿದ್ದಾನೆ.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ ತೂಕದ್ದು. ಸವಣೂರು ತಾಲ್ಲೂಕಿನ ಚಿಲ್ಲೂರು ಬಡ್ನಿಯ ಕುರಿಗಾಹಿ ಹನುಮಂತ ಲಮಾಣಿ 2019ರಲ್ಲಿ ಟಿವಿಯ ಸರಿಗಮಪ ಸ್ಪರ್ಧೆಯಲ್ಲಿ ಎರಡನೆಯ ಸ್ಥಾನಕ್ಕೆ ಬಂದರು, 2025ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದರು. ಗುರುಕುಲವಿಲ್ಲದೆ, ಶಿಫಾರಸಿಲ್ಲದೆ ಒಬ್ಬ ತಾಂಡಾದ ಹುಡುಗ ನಾಡಿಗೆಲ್ಲ ಹೆಸರಾಗಲು ಹಳೆಯ ಕಾಲದಲ್ಲಿ ಸಾಧ್ಯವಿತ್ತೇ ಎಂದು ಕೇಳುತ್ತಾರೆ. ಇರಲಿಲ್ಲ. ಅವರ ಹಾಡಿನ ತುಣುಕುಗಳು ಫೋನಿಂದ ಫೋನಿಗೆ ಹೋಗದಿದ್ದರೆ ಆ ಹೆಸರು ಇಷ್ಟು ಬೇಗ ಇಷ್ಟು ದೂರ ಹಬ್ಬುತ್ತಿರಲಿಲ್ಲ. ಆ ಯಶಸ್ಸು ನಮ್ಮ ಸೀಮೆಯ ಹೆಮ್ಮೆ. ಆದರೆ ಅವರ ಹೆಸರು ಉಳಿದದ್ದು ಹೇಗೆಂದೂ ನೋಡಿ: ಒಂದು ದೊಡ್ಡ ವೇದಿಕೆ ವಾರವಾರವೂ ಆ ಹೆಸರನ್ನು, ಆ ಊರನ್ನು, ಆ ಕಸುಬನ್ನು ಕೂಗಿ ಹೇಳಿತು. ಹಿಂದೆ ಆಕಾಶವಾಣಿಯ ಉದ್ಘೋಷಕರು ಮಾಡುತ್ತಿದ್ದ ಕೆಲಸವನ್ನೇ ಟಿವಿಯ ನಿರೂಪಕರು ಮಾಡಿದರು. ಹಾಡಿಗೆ ಹೆಸರು ಕೂಡಿಸಿ ಹೇಳುವವರಿದ್ದರೆ ಡಿಜಿಟಲ್ ವೇಗ ಕಲಾವಿದನಿಗೆ ನೆರವಾಗುತ್ತದೆ ಎಂಬುದಕ್ಕೇ ಹನುಮಂತರು ನಿದರ್ಶನ. ಹಾಗೆ ಹೇಳುವವರಿಲ್ಲದ ಮೇಳಗಳ ವಿಷಯದಲ್ಲಿ ಅದೇ ವೇಗ ಹಾಡನ್ನಷ್ಟೇ ಒಯ್ಯುತ್ತದೆ.

ಎರಡನೆಯ ಆಕ್ಷೇಪ ನಮ್ಮ ಒಳಗಿನಿಂದಲೇ ಬರುವಂಥದ್ದು. ಜಾನಪದ ಎಲ್ಲರದು, ತತ್ವಪದ ಲೋಕದ್ದು, ಸಂತರ ಹಾಡಿಗೆ ಹಕ್ಕು ಬಾಧ್ಯತೆಯ ಮಾತೇಕೆ ಎನ್ನುತ್ತಾರೆ. ಹಾಡು ಎಲ್ಲರದೆಂಬುದನ್ನು ನಾನೂ ಒಪ್ಪುತ್ತೇನೆ. ಶರೀಫರ ಸಾಹಿತ್ಯಕ್ಕೆ ಇಂದು ಯಾವ ಕಂಪನಿಯೂ ಒಡೆಯನಾಗಲಾರದು, ಆಗಬಾರದು. ಆದರೆ ಹಾಡಿದ ದನಿ ಎಲ್ಲರದಲ್ಲ, ಅದು ಒಬ್ಬ ಮನುಷ್ಯನ ಬೆವರು. ನಮ್ಮ ಕಾಯಿದೆ ಈ ಎರಡನ್ನೂ ಬೇರೆಯಾಗಿಯೇ ನೋಡುತ್ತದೆ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಾಡಿದವನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷಗಳ ಹಕ್ಕಿದೆ. 2012ರ ತಿದ್ದುಪಡಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಹಾಡಿದವನನ್ನು ಹಾಡಿದವನೆಂದು ಗುರುತಿಸಬೇಕೆಂಬ ನೈತಿಕ ಹಕ್ಕನ್ನೂ ಕೊಟ್ಟಿದೆ. ಇದು ಸಿನಿಮಾ ಗಾಯಕರಿಗಷ್ಟೇ ಇರುವ ಹಕ್ಕಲ್ಲ, ಹಾನಗಲ್ಲ ತಾಲ್ಲೂಕಿನ ಹಳ್ಳಿಯ ದೇವಸ್ಥಾನದ ಕಟ್ಟೆಯ ಮೇಲೆ ಕೂತು ಹಾಡುವವರಿಗೂ ಇದೆ. ಅದನ್ನು ಬಲ್ಲವರು ವಿರಳ. ಇನ್ನೊಂದು ಕಡೆ ಹೆಸರು ದಾಖಲಿಸಿಕೊಂಡವರ ಹಕ್ಕು ಯಂತ್ರಕ್ಕೆ ಚೆನ್ನಾಗಿ ಗೊತ್ತು: ಯೂಟ್ಯೂಬಿನ ತಪಾಸಣಾ ವ್ಯವಸ್ಥೆ ಹಾಡಿನ ಧಾಟಿಯನ್ನೂ ಹೋಲಿಸಿ ನೋಡಬಲ್ಲದು. ಹಳ್ಳಿಯ ಮೇಳ ತನ್ನದೇ ಸಂತನ ಪದ ಹಾಡಿ ಏರಿಸಿದರೆ, ಎಲ್ಲೋ ನೋಂದಾಯಿತವಾದ ಧ್ವನಿಮುದ್ರಣದ ಒಡೆಯರಿಂದ ತಕರಾರು ಬರುವ ಸಾಧ್ಯತೆ ಇದೆ. ‘ಎಲ್ಲರದು’ ಎಂದು ಬರೆದಿಡದೆ ಬಿಟ್ಟದ್ದು ಬರೆದುಕೊಂಡವರದಾಗುತ್ತದೆ. ಸಂತರು ಕೂಡ ಹೆಸರನ್ನು ತೊರೆದವರಲ್ಲ, ಅಂಕಿತವನ್ನು ಅಷ್ಟು ಜತನದಿಂದ ಇಟ್ಟವರು ಅವರೇ.

ಕಲಾವಿದರಿಗೆ ಅನ್ನ ಸಿಗುವುದು ಕಾರ್ಯಕ್ರಮದಿಂದ, ಧ್ವನಿಮುದ್ರಣ ಬರೀ ಪ್ರಚಾರ ಎಂಬ ಮಾತೂ ಇದೆ. ಈ ಮಾತಿಗೆ ನಮ್ಮ ನೆಲದಲ್ಲೇ ದೊಡ್ಡ ಆಧಾರವಿದೆ. ಹಾನಗಲ್ಲ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಹುಟ್ಟಿದ ಅಂಧ ಬಾಲಕನನ್ನು ಹಾನಗಲ್ಲಿನ ಕುಮಾರ ಸ್ವಾಮಿಗಳು ಸಾಕಿ, ಸಂಗೀತ ಕಲಿಸಿ, ಪಂಚಾಕ್ಷರ ಗವಾಯಿಗಳನ್ನಾಗಿ ಮಾಡಿದರು. ಅದೇ ತಾಲ್ಲೂಕಿನ ದೇವರ ಹೊಸಪೇಟೆಯಲ್ಲಿ 1914ರಲ್ಲಿ ಹುಟ್ಟಿದ ಪುಟ್ಟರಾಜರು ಅವರ ಶಿಷ್ಯರಾಗಿ, ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು 2010ರವರೆಗೆ ನಡೆಸಿದರು. ನೂರಾರು ಅಂಧ ಮತ್ತು ಬಡ ಮಕ್ಕಳಿಗೆ ಅಲ್ಲಿ ಊಟವೂ ಸಿಕ್ಕಿತು, ವಿದ್ಯೆಯೂ ಸಿಕ್ಕಿತು. ಅದಕ್ಕೆ ಬೇಕಾದ ಹಣ ತಟ್ಟೆ, ಕ್ಯಾಸೆಟ್ಟುಗಳ ಮಾರಾಟದಿಂದ ಬಂದದ್ದಲ್ಲ. ನಾಟಕ ಕಂಪನಿಯಿಂದ, ಕೀರ್ತನೆ ಪುರಾಣಗಳಿಂದ, ಊರೂರಿನ ಭಕ್ತರು ಮಾಡಿಸಿದ ತುಲಾಭಾರಗಳಿಂದ ಬಂದದ್ದು. ಸಂಗೀತಕ್ಕೆ ಮಾರುಕಟ್ಟೆಯೊಂದೇ ಆಸರೆಯಲ್ಲವೆಂದು ಇದಕ್ಕಿಂತ ಚೆನ್ನಾಗಿ ಯಾರೂ ತೋರಿಸಿಲ್ಲ. ಆದರೆ ಆ ವ್ಯವಸ್ಥೆ ನಿಂತದ್ದು ಯಾವುದರ ಮೇಲೆ? ಗುರು ಯಾರು, ಶಿಷ್ಯ ಯಾರು, ಯಾರ ಹೆಸರಿನಲ್ಲಿ ಕಾಣಿಕೆ ಎಂಬ ಖಚಿತ ಅರಿವಿನ ಮೇಲೆ. ಬಸವರಾಜ ರಾಜಗುರುಗಳು, ವೆಂಕಟೇಶಕುಮಾರರು ಎಲ್ಲಿ ಹಾಡಿದರೂ ಆ ಆಶ್ರಮದ ಹೆಸರು ಜೊತೆಗೆ ಹೋಯಿತು. ಗುರುತಿಲ್ಲದೆ ಹರಿದಾಡುವ ತುಣುಕು ಯಾರಿಗೂ ಕಾರ್ಯಕ್ರಮ ತಂದುಕೊಡುವುದಿಲ್ಲ, ಏಕೆಂದರೆ ಕರೆಯಬೇಕೆಂದವರಿಗೆ ಯಾರನ್ನು ಕರೆಯಬೇಕೆಂದೇ ತಿಳಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಯಂತ್ರವನ್ನು ದೂರಿ ಫಲವಿಲ್ಲ, ಯಂತ್ರದಲ್ಲಿ ಹೆಸರಿಗೆ ಜಾಗ ಬೇಕಾದಷ್ಟಿದೆ. ತಟ್ಟೆಯ ಚೀಟಿಯಲ್ಲಿ ಎರಡು ಸಾಲು ಹಿಡಿಯುತ್ತಿತ್ತು. ವಿಡಿಯೊದ ಕೆಳಗೆ ಪುಟಗಟ್ಟಲೆ ಬರೆಯಬಹುದು, ಕನ್ನಡದಲ್ಲೇ ಬರೆಯಬಹುದು. ಪದ ಯಾರದು, ಧಾಟಿ ಎಲ್ಲಿಯದು, ಮುಮ್ಮೇಳ ಹಿಮ್ಮೇಳದಲ್ಲಿ ಯಾರು ಯಾರು, ಪೇಟಿ ತಬಲಾ ಯಾರದು, ಊರು, ತಿಥಿ, ವರ್ಷ: ಇಷ್ಟನ್ನು ಚಾನೆಲ್ಲಿನವರು ಬರೆಯುವಂತೆ ಮೇಳಗಳೇ ಪಟ್ಟು ಹಿಡಿಯಬೇಕು, ಪದವನ್ನು ಒಮ್ಮೆಯಾದರೂ ಕೊನೆಯ ನುಡಿಯವರೆಗೆ ಹಾಡಿ ಮುದ್ರಿಸಬೇಕು, ತುಂಡು ಆಮೇಲೆ. ಇದಕ್ಕೆ ಬೆನ್ನಾಗಿ ನಿಲ್ಲಬಲ್ಲ ಸಂಸ್ಥೆ ದೂರದಲ್ಲೇನೂ ಇಲ್ಲ. 2011ರಲ್ಲಿ ಸ್ಥಾಪನೆಯಾದ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಇರುವುದು ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲೇ, ಶರೀಫರ ಊರಿನ ನೆರೆಯಲ್ಲಿ. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಸೀಮೆಗಳ ಮೇಳಗಳು, ರಿವಾಯತ್ ಪದದವರು, ಲಾವಣಿಯವರು ಯಾರಾರು, ಅವರಲ್ಲಿ ಯಾವ ಯಾವ ಧಾಟಿಗಳಿವೆ ಎಂಬ ದಾಖಲೆಯೊಂದು ಅಲ್ಲಿ ಎಲ್ಲರಿಗೂ ತೆರೆದಿದ್ದರೆ ಯಂತ್ರದ ತಕರಾರಿಗೆ ಉತ್ತರ ಕೊಡಲೂ ಆಧಾರ ಸಿಗುತ್ತದೆ, ಹಾಡಿದವರನ್ನು ಹುಡುಕಿ ಬರಲೂ ದಾರಿ ಸಿಗುತ್ತದೆ.

ಇದಕ್ಕೊಂದು ಅವಧಿಯೂ ಇದೆ. ನಮ್ಮ ಕಾಯಿದೆಯಲ್ಲಿ ಧ್ವನಿಮುದ್ರಣದ ಹಕ್ಕು ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ಗಂಗೂಬಾಯಿಯವರ ಮೂವತ್ತರ ದಶಕದ ತಟ್ಟೆಗಳು ಆ ಲೆಕ್ಕದಲ್ಲಿ ಎಂದೋ ಸಾರ್ವಜನಿಕರ ಆಸ್ತಿಯಾಗಿವೆ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ಟಿನ ಧ್ವನಿಮುದ್ರಣ 2039ರ ಜನವರಿಗೆ ಆಗುತ್ತದೆ, ಎಂಬತ್ತು ತೊಂಬತ್ತರ ದಶಕದ ತತ್ವಪದದ ಕ್ಯಾಸೆಟ್ಟುಗಳು ಅದರ ಹಿಂದೆ ಒಂದೊಂದಾಗಿ ಬರುತ್ತವೆ. ಆಗ ಧ್ವನಿಮುದ್ರಣದ ಹಕ್ಕಿನ ಮಟ್ಟಿಗೆ ಯಾರು ಬೇಕಾದರೂ ಅವನ್ನು ಏರಿಸಬಹುದು, ಇಳಿಸಬಹುದು, ಹೊಸ ಹಾಡಿಗೆ ಬೆರೆಸಬಹುದು. ಆ ಕ್ಯಾಸೆಟ್ಟುಗಳಲ್ಲಿ ತಬಲಾ ಬಾರಿಸಿದವರು, ಕೊಳಲು ಊದಿದವರು, ಹಿಮ್ಮೇಳಕ್ಕೆ ದನಿಗೂಡಿಸಿದವರ ಹೆಸರು ಎಷ್ಟೋ ಕಡೆ ಮಡಿಕೆ ಕಾಗದದಲ್ಲಿಯೂ ಅಚ್ಚಾಗಿರಲಿಲ್ಲ. ‘ಮತ್ತು ಸಂಗಡಿಗರು’ ಎಂದಷ್ಟೇ ಇರುತ್ತಿತ್ತು. ಆ ಸಂಗಡಿಗರಲ್ಲಿ ಹಲವರು ಇನ್ನೂ ಇದ್ದಾರೆ, ಎಪ್ಪತ್ತು ದಾಟಿದ್ದಾರೆ, ಯಾವ ಹಾಡಿಗೆ ಯಾರು ಕೂತಿದ್ದರೆಂದು ಬಾಯಿಪಾಠವಾಗಿ ಹೇಳಬಲ್ಲರು. ಅವರ ಮುಂದೆ ಆ ಕ್ಯಾಸೆಟ್ಟನ್ನು ಹಾಕಿ ಕೇಳಿಸಿ ಬರೆದುಕೊಳ್ಳುವ ಕೆಲಸಕ್ಕೆ 2039ರವರೆಗೆ ಕಾಯಲಾಗದು.